ಊದಿದರೂ ಹಾರದ ಚುಕ್ಕಿ

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ದೆವ್ವದ ಮಾತು ನನಗೆ ಒಗ್ಗುವುದಿಲ್ಲ. ಆದರೂ ನಡೆದದ್ದು ನಡೆದದ್ದೇ.

ಬಾಹ್ಯಾಕಾಶ ದೂರದರ್ಶಕ ತೆಗೆದ ಗೆಲಾಕ್ಸಿಗಳ ಚಿತ್ರಗಳನ್ನು ಸಂಡೂರಿನ ಮನೆಯಲ್ಲೇ ಕೂತು ವಿಂಗಡಿಸುತ್ತೇನೆ. ಇಲ್ಲಿ ಎಷ್ಟು ಒರೆಸಿದರೂ ಗಣಿಗಳ ಅದಿರಿನ ಧೂಳು ಲ್ಯಾಪ್‌ಟಾಪಿನ ಕಪ್ಪು ಪರದೆಗೆ ಕೂತು ಕೆಂಪು ನಕ್ಷತ್ರದಂತೆ ಕಾಣುತ್ತದೆ. ಮಗಳು ಸ್ಫೂರ್ತಿ ಮೇಜಿನ ಪಕ್ಕ ತುದಿಗಾಲಲ್ಲಿ ನಿಂತು 'ಉಫ್' ಎಂದು ಊದುತ್ತಿದ್ದಳು.

"ಹಾರಿದ್ರ ಧೂಳು, ಕುಂತ್ರ ಚುಕ್ಕಿ, ಅಮ್ಮಾ!"

ದೀಪಾವಳಿಗೆ ಮುಂಚೆ ಆ ಕೂಸು ಜ್ವರ ಬಂದು ತೀರಿಕೊಂಡಿತು.

ಈ ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಹಿಂದಿನ ದಿನ ನಾನೂ ಕಿರಿಯ ಸಹೋದ್ಯೋಗಿ ಹುಲಿಗೇಶನೂ ಗುರುತಿಸಿದ್ದ ನಕ್ಷತ್ರವೊಂದನ್ನು ನೋಡುತ್ತಿದ್ದೆ. ಕಿವಿಯ ಪಕ್ಕದಲ್ಲೇ 'ಉಫ್' ಎಂದಿತು. ಆ ಉರಿಬಿಸಿಲಿನಲ್ಲೂ ಪರದೆಯ ಮೇಲೆ ಪುಟ್ಟ ಬಾಯಿಯಗಲ ಮಂಜು ಕಟ್ಟಿತು. ಕರಗಿದಾಗ ನಕ್ಷತ್ರ ಇರಲಿಲ್ಲ.

ನಿನ್ನೆ ಗುರುತಿಸಿದ್ದೂ ಧೂಳೇ ಇದ್ದೀತೆಂದು ಹೊಸಪೇಟೆಯಲ್ಲಿದ್ದ ಹುಲಿಗೇಶನಿಗೆ ಫೋನ್ ಮಾಡಿದೆ. ಅವನು ತನ್ನ ಕಂಪ್ಯೂಟರಿನಲ್ಲಿ ಅದೇ ಚಿತ್ರ ತೆರೆದು, ಹಿಗ್ಗಿಸಿ ಹಿಗ್ಗಿಸಿ ನೋಡಿದ.

"ನಿನ್ನೆ ನಾನ ನೋಡೀನ್ರಿ ಮೇಡಂ. ಈಗ ಇಲ್ಲೂ ಇಲ್ರೀ."

ಅಂದಿನಿಂದ ನಾನು ಪರದೆ ಒರೆಸಿಲ್ಲ. ಮೇಲೆಲ್ಲ ಕೆಂಪು ಧೂಳು ದಪ್ಪಗೆ ಕೂತಿದೆ. ಕೆಳಗಿನ ಅರ್ಧ ಮಾತ್ರ ದಿನವೂ ಸ್ವಚ್ಛವಾಗಿರುತ್ತದೆ, ಅವಳ ಬಾಯಿಗೆ ಎಟುಕುವಷ್ಟು.