ಹಳದಿ ಟೋಪಿ

"ನನ್ನ ಟೋಪಿ ಯಾರು ಹಾಕ್ಕೊಂಡಿದ್ರು?"

ಲಾನ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಚೋಯ್ ಗಂಜಿ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಪಾಪ, ಸುಳ್ಳು ಹೇಳಲು ಬಾರದ ಗಂಡಸು. ಕಿವಿಗಳೆರಡೂ ಬೆಂದ ಸಿಗಡಿಯಂತೆ ಕೆಂಪಾಗಿದ್ದವು.

"ಯಾವ ಟೋಪಿ?"

"ಹಳದಿ ಬಟ್ಟೆ ಕಟ್ಟಿದ್ದು. ಮಧ್ಯಾಹ್ನ ಮಲಗಿ ಏಳೋಷ್ಟರಲ್ಲಿ ಯಾರದೋ ಬೆವರು ಕುಡಿದು ಕೂತಿರುತ್ತೆ."

"ದೆವ್ವ ಇರಬೇಕು. ಈ ಶುಂಡೆ ಸೀಮೆಯ ಬಿಸಿಲು ದೆವ್ವಕ್ಕೂ ತಡೆಯಲ್ಲ."

ಅವಳಿಗೆ ನಗು ಬಂತು. ಆದರೂ ಕಣ್ಣು ಕಿರಿದು ಮಾಡಿ ಅವನನ್ನೇ ನೋಡಿದಳು. ಅವನು ಉಪ್ಪಿನ ಮೂಲಂಗಿಯನ್ನು ಬಹಳ ಶ್ರದ್ಧೆಯಿಂದ ಅಗಿಯತೊಡಗಿದ.

ಬಾಸ್ ಮೀನಿನ ಮರಿಗಳಿಗೆ ಒಣ ಮೇವು ತಿನ್ನಲು ಕಲಿಸುವ ದಿನಗಳಲ್ಲಿ ಆ ಊರಿನಲ್ಲಿ ಒಬ್ಬರ ಟೋಪಿ ಇನ್ನೊಬ್ಬರು ಮುಟ್ಟುವುದಿಲ್ಲ. ಆ ಮರಿಗಳಿಗೆ ಜೀವವಿರುವುದೇ ಬೇಕು, ಮಿಸುಕಾಡುವ ನೀರುಹುಳ ಬೇಕು. ಅದರ ಜಾಗದಲ್ಲಿ ಅರೆದ ಮೀನು, ಅದರೊಳಗೆ ಚೂರು ಚೂರೇ ಒಣ ಮೇವು ಬೆರೆಸಿ ಮರುಳು ಮಾಡಬೇಕು. ಒಬ್ಬರೇ ಮನುಷ್ಯರು, ಒಂದೇ ಟೋಪಿ, ಬಕೆಟ್ ಅಂಚಿಗೆ ಸೌಟು ಬಡಿಯುವ ಒಂದೇ ಸದ್ದು, ಬದಲಾದರೆ ಮರಿಗಳು ಬಾಯಿ ಹಾಕವು ಎಂಬುದು ಊರಿನ ನಂಬಿಕೆ. ಒಂದು ಹೊತ್ತು ತಪ್ಪಿದರೂ ಸಾಕು, ಒಂದನ್ನೊಂದು ತಿನ್ನಲು ಶುರು. ಅಂದು ಬೆಳಿಗ್ಗೆಯೇ ಲಾನ್ ಒಂದು ಮರಿಯನ್ನು ಬಲೆಯಲ್ಲಿ ಎತ್ತಿದ್ದಳು. ಅದರ ಬಾಯಿಂದ ಇನ್ನೊಂದರ ಬಾಲ ಹೊರಗಿತ್ತು. ನುಂಗಲೂ ಆಗದೆ, ಉಗುಳಲೂ ಆಗದೆ ಅದು ಬಾಯಿ ತೆರೆದೇ ಸತ್ತಿತ್ತು.

ಅವಳು ಅದನ್ನು ಬಹಳ ಹೊತ್ತು ನೋಡಿದ್ದಳು.

ಮೀನುಗಾರಿಕೆ ಓದಿ ಮುಗಿಸಿ, ಅಪ್ಪ ಮೀನುಕೊಳದ ಕಟ್ಟೆಯಿಂದ ಬಿದ್ದು ಸೊಂಟ ಮುರಿದುಕೊಂಡಾಗ, ಒಂದು ಹಂಗಾಮಿನ ಮಟ್ಟಿಗೆ ಎಂದು ಬಂದವಳು. ಇದು ಮೂರನೆಯ ಹಂಗಾಮು. ಗ್ವಾಂಗ್‌ಝೌನ ಸಂಶೋಧನಾ ಕೇಂದ್ರದಿಂದ ಫೋನ್ ಬಂದಿತ್ತು. ತಳಿ ಸುಧಾರಣೆಯ ಕೆಲಸ, ಅವಳು ಕನಸಿನಲ್ಲೂ ಕನವರಿಸುತ್ತಿದ್ದ ಕೆಲಸ. ಸೋಮವಾರ ಬರದಿದ್ದರೆ ಬೇರೆಯವರಿಗೆ ಹೋಗುತ್ತದೆ.

"ಹೋಗಮ್ಮ, ನಾನೇನು ತಡೀತೀನಾ?" ಎಂದಿದ್ದರು ಅಪ್ಪ ಸಾಮ್. "ಮರಿಗಳು ಮಾತ್ರ ನಿನ್ನ ಕೈ ಬಿಟ್ಟು ಬೇರೆ ಯಾರ ಕೈಯಿಂದಲೂ ತಿನ್ನಲ್ಲ."

ಊರಿಗೆಲ್ಲ ಇದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದರು. ಲಾನ್‌ಗೆ ಆ ಹೊಗಳಿಕೆ ಬಾಗಿಲಿಗೆ ಹಾಕಿದ ಬೀಗದಂತಿತ್ತು.

ಚೋಯ್ ಅದೇ ಕೇಂದ್ರದಿಂದ ಹೊಸ ಮೇವಿನ ಪ್ರಯೋಗಕ್ಕೆಂದು ಬಂದವನು. ಮರಿಗಳು ದೊಡ್ಡ ಕೊಳ ಸೇರುವವರೆಗೆ ಅವನು ಇಲ್ಲೇ. ಅವಳು ಹೋದರೆ ಅವನಿಗೆ ಈ ಊರಿನಲ್ಲಿ ಉಳಿಯುವುದು ಬರಿಯ ಮೀನು, ಸೊಳ್ಳೆ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಆ ಮಧ್ಯಾಹ್ನ ಲಾನ್ ಮಲಗಿದಂತೆ ನಟಿಸಿ, ಹಿಂಬಾಗಿಲಿನಿಂದ ಮರಿಗಳ ತೊಟ್ಟಿಗಳ ಕಡೆ ಬಂದಳು. ಟೋಪಿ ಮೊಳೆಯ ಮೇಲೇ ಇತ್ತು. ನೆರಳು ಬಲೆಯ ಕೆಳಗೆ ಚೋಯ್ ಬರಿತಲೆಯಲ್ಲಿ ನಿಂತಿದ್ದ. ಸೌಟಿನಿಂದ ಬಕೆಟ್ ಅಂಚಿಗೆ ಬಡಿದ. ಟಕ್, ಟಕ್. ನೀರು ಕಪ್ಪಾಯಿತು. ಮರಿಗಳೆಲ್ಲ ಒಟ್ಟಿಗೆ ನುಗ್ಗಿ ಬಂದು ಅವನ ಕೈಯ ಮೇವಿಗೆ ಬಾಯಿ ಹಾಕಿದವು.

"ಯಾವಾಗಿಂದ ಇದು?"

ಅವನ ಕೈಯಿಂದ ಸೌಟು ಜಾರಿತು. "ನೀನು... ಮಲಗಿಲ್ವಾ?"

"ಕೇಳಿದ್ದಕ್ಕೆ ಹೇಳು."

"ಮೊದಲು ನಿನ್ನ ಟೋಪಿ, ನಿನ್ನ ರೇನ್‌ಕೋಟು. ಆಮೇಲೆ ಟೋಪಿ ಮಾತ್ರ. ಇವತ್ತು ಅದೂ ಬೇಡ ಅಂತ..." ತಲೆ ಕೆರೆದುಕೊಂಡ. "ನೀರುಹುಳ ಬಿಡಿಸ್ತೀವಲ್ಲ, ಹಾಗೇ. ಸ್ವಲ್ಪ ಸ್ವಲ್ಪವಾಗಿ ನಿನ್ನನ್ನ ಬಿಡಿಸಿದೆ. ಅವಕ್ಕೆ ಸದ್ದು ಸಾಕು ಲಾನ್. ಯಾರೂ ಪರೀಕ್ಷೆ ಮಾಡಿ ನೋಡಿರ್ಲಿಲ್ಲ ಅಷ್ಟೆ."

ಅವಳೂ ನೋಡಿರಲಿಲ್ಲ. ಅಷ್ಟು ಓದಿದವಳು. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದವು. ಬೀಗ ತೆರೆದಿದೆ ಎಂದು ಗೊತ್ತಾದ ಮೇಲೆ ಹೊಸಿಲು ದಾಟಲು ಇಷ್ಟು ಭಯವಾಗುತ್ತದೆಂದು ಅವಳು ಎಣಿಸಿರಲಿಲ್ಲ.

"ನನ್ನ ಓಡಿಸೋಕೆ ಅಷ್ಟು ಆತುರಾನಾ ನಿಂಗೆ?"

"ಆತುರಾನಾ?" ಅವನ ದನಿ ಒಡೆಯಿತು. "ಮರಿಗಳಿಗೆ ನಿನ್ನನ್ನ ಬಿಡಿಸಿದೆ. ನನಗೆ ಮಾತ್ರ ಆಗ್ಲಿಲ್ಲ. ನಿನ್ನ ಕಂಡ್ರೆ ಪ್ರಾಣ ನನಗೆ. ಆದ್ರೆ ನೀನು ಇಲ್ಲಿ ದಿನಾ ಸಾಯೋದು ನೋಡಕ್ಕಾಗಲ್ಲ."

ಮೊಳೆಯಿಂದ ಟೋಪಿ ತೆಗೆದು ಅವನ ತಲೆಗೆ ಇಟ್ಟಳು. ಅದು ಕಣ್ಣು ಮುಚ್ಚುವಷ್ಟು ಇಳಿಯಿತು. ಅವಳೇ ಅಂಚು ಎತ್ತಿ ಅವನ ಕಣ್ಣು ಹುಡುಕಿದಳು. "ನಮ್ಮ ಬಾಸ್ ಮೀನಲ್ಲಿ ಮೊಟ್ಟೆಯಿಟ್ಟು ಹೆಣ್ಣು ಹೋಗುತ್ತೆ. ಗೂಡು ಕಾಯೋದು ಗಂಡು. ಓದಿದೀಯಾ?"

"ಓದಿದೀನಿ. ಇಷ್ಟು ಕಷ್ಟ ಅಂತ ಎಲ್ಲೂ ಬರೆದಿಲ್ಲ."

"ಇವು ದೊಡ್ಡ ಕೊಳ ಸೇರೋ ದಿನ ಗ್ವಾಂಗ್‌ಝೌ ಬಸ್ ಹತ್ತು. ನಾನು ಸ್ಟಾಂಡಲ್ಲಿ ಇರ್ತೀನಿ. ಬರದಿದ್ರೆ ನೋಡು!"

ಹಿಂದೆ ಕೋಲಿನ ಸದ್ದಾಯಿತು. ಅಪ್ಪ ಯಾವಾಗ ಬಂದರೋ. ಅವರು ತೊಟ್ಟಿಯನ್ನು ನೋಡಿದರು, ಹೊರಗಿನವನ ಕೈಯಿಂದ ತಿಂದು ಹೊಟ್ಟೆ ಉಬ್ಬಿಸಿಕೊಂಡ ಮರಿಗಳನ್ನು ನೋಡಿದರು.

"ನೀನು ಹೋದ್ರೆ ಒಂಟಿಯಾಗ್ತೀನಿ ಅನ್ನೋಕೆ ಬಾಯಿ ಬರ್ಲಿಲ್ಲಮ್ಮ. ಮರಿಗಳ ಮೇಲೆ ಹಾಕ್ದೆ." ಆಮೇಲೆ ಚೋಯ್ ಕಡೆ ತಿರುಗಿ ಗದರಿದರು. "ಏನು ನಿಂತಿದೀಯ? ಸೌಟು ನೀರಲ್ಲಿದೆ, ತೆಗಿ."

ಭಾನುವಾರ ಸಂಜೆ ಲಾನ್ ಚೀಲ ಹೊತ್ತು ಕೊಳಗಳ ನಡುವಿನ ದಾರಿ ಹಿಡಿದಳು. ಕಳಿಸಲು ಚೋಯ್ ಬರುವಂತಿರಲಿಲ್ಲ, ಮರಿಗಳಿಗೆ ಮೇವಿನ ಹೊತ್ತು. ಬಸ್ಸು ದೂರದಲ್ಲಿ ಕಾಣಿಸಿತು. ಅಷ್ಟರಲ್ಲಿ ಹಿಂದಿನಿಂದ ಸದ್ದು ಬಂತು.

ಟಕ್, ಟಕ್.

ಅವಳ ಕಾಲು ತಾನಾಗಿಯೇ ಹಿಂದಕ್ಕೆ ತಿರುಗಿತು. ಕಟ್ಟೆಯಾಚೆ ಹಳದಿ ಟೋಪಿಯೊಂದು ಚುಕ್ಕಿಯಷ್ಟು ಕಾಣುತ್ತಿತ್ತು. ಲಾನ್ ಅಳುತ್ತಲೇ ನಕ್ಕಳು, ಎರಡೂ ಕೈ ಎತ್ತಿ ಬೀಸಿದಳು, ಮತ್ತೆ ಓಡಿ ಬಸ್ಸು ಹತ್ತಿದಳು.