ದೂರ ಹೋದ ಪುಟ್ಟ ರೈಲು

"ಇವೆರಡೂ ಒಂದೇ ಹಳಿ ಮೇಲೆ ಓಡಲ್ಲ ಸ್ವಾಮಿ!"

ಆಟದ ರೈಲುಗಳ ಅಂಗಡಿಯವರ ಮಗಳು ನೋಡಿದ ನೋಟಕ್ಕೆ ಬೇರೆಯವರಾಗಿದ್ದರೆ ಮೆಟ್ಟಿಲಿಳಿದು ಹೋಗುತ್ತಿದ್ದರು. ಮೇಜಿನ ಮೇಲೆ ಅಂಗೈಯುದ್ದದ ರೈಲೊಂದು, ಕಿರುಬೆರಳಿನಷ್ಟು ರೈಲೊಂದು. ಎರಡೂ ಮುರಿದ ಸಾಮಾನಿನ ಬುಟ್ಟಿಯಿಂದ ಹೆಕ್ಕಿದ್ದು.

"ಗೊತ್ತು ರೀ. ಎಲ್ಲಾ ದೊಡ್ಡದೇ ತಗೊಂಡ್ರೆ ನನ್ನ ಸಂಬಳ ಸಾಲಲ್ಲ" ಎಂದ ಪಕ್ಕದ ಬೀದಿಯ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದವನು.

"ಅದಕ್ಕೆ ಆನೆ ಪಕ್ಕ ಇಲಿ ಕಟ್ತೀರಾ? ಊರಿಗೆಲ್ಲ ಕನ್ನಡಕ ಹಾಕ್ತೀರಿ, ನಿಮಗೂ ಒಂದು ಹಾಕ್ಕೊಳ್ಳಿ!"

ಅವನು ನಕ್ಕ. ಅವಳಿಗೆ ಮೈಯೆಲ್ಲ ಉರಿಯಿತು. 'ಜಿಪುಣ! ಇಂಥವನು ಹೆಂಡತಿಯನ್ನೂ ಬುಟ್ಟಿಯಿಂದಲೇ ಹೆಕ್ಕುತ್ತಾನೆ!'

ವಾರವಾರವೂ ಬಂದ. ವಾರವಾರವೂ ಬೈಸಿಕೊಂಡ. ಒಂದು ಶನಿವಾರ, ಅಂಗಡಿ ತುಂಬ ಜನರಿದ್ದಾಗ ಅವಳ ನಾಲಿಗೆ ಮಿತಿ ಮೀರಿತು.

"ಕಸ ಹೆಕ್ಕೋರು ಪಕ್ಕಕ್ಕೆ ಸರೀರಿ, ಗಿರಾಕಿಗಳು ಬಂದಿದ್ದಾರೆ!"

ಅವನ ಕಿವಿ ಕೆಂಪಾಯಿತು. ಕೈಯಲ್ಲಿದ್ದ ಮುರುಕು ಸುರಂಗವನ್ನು ಬುಟ್ಟಿಗೆ ಹಾಕಿ ಹೊರಟುಹೋದ. ಮತ್ತೆ ಬರಲಿಲ್ಲ.

'ಪೀಡೆ ತೊಲಗಿತು' ಎಂದುಕೊಂಡಳು. ಆದರೆ... ಬಾಗಿಲು ಕಿರುಗುಟ್ಟಿದಾಗಲೆಲ್ಲ ತಲೆ ಎತ್ತುವುದೇಕೆ?

"ಬೈಯೋಕೆ ಜನ ಸಿಗ್ತಿಲ್ವೇನೇ?" ಅಪ್ಪ ಕಿಸಕ್ಕನೆ ನಕ್ಕರು. "ಹೋಗು, ಆ ಸುರಂಗ ಕೊಟ್ಟು ಬಾ."

ಅವನ ಕೋಣೆಯಲ್ಲಿ ಗೋಡೆಗೆ ತಾಗಿಸಿದ ಮೇಜು. ಮುಂದೆ ದೊಡ್ಡ ನಿಲ್ದಾಣ, ಹಿಂದೆ ಪುಟ್ಟ ಬೆಟ್ಟ, ಕಡ್ಡಿಯಂಥ ಮರಗಳು. ಅವಳ ತುಟಿ ಸೊಟ್ಟಗಾಯಿತು. "ಸಂತೆ ಇದ್ದ ಹಾಗಿದೆ!"

"ನಿಂತ್ಕೊಂಡು ನೋಡಬೇಡಿ. ಕೂತ್ಕೊಳ್ಳಿ, ಗಲ್ಲ ಮೇಜಿಗಿಡಿ."

ಗೊಣಗುತ್ತಲೇ ಕುಳಿತಳು. ಅವನು ಸುರಂಗ ಜೋಡಿಸಿ ಗುಂಡಿ ಒತ್ತಿದ.

ನೀಲಿ ರೈಲು ಅವಳ ಮೂಗಿನ ಮುಂದೆಯೇ ಹಾದು ಸುರಂಗ ಹೊಕ್ಕಿತು. ಮರುಕ್ಷಣ, ಬೆಟ್ಟದಾಚೆ ಅದೇ ನೀಲಿಯ ಪುಟ್ಟ ರೈಲು ಹೊರಟಿತು... ಮೊದಲಿನ ರೈಲೇ ದೂರ, ಎಷ್ಟೋ ದೂರ ಹೋದಂತೆ! ಅವಳ ಎದೆ ಝಲ್ಲೆಂದಿತು.

ನಿಲ್ದಾಣದಲ್ಲಿ ಸೊಂಟಕ್ಕೆ ಕೈಯಿಟ್ಟ, ಮುಖ ಗಂಟಿಕ್ಕಿದ ದೊಡ್ಡ ಬೊಂಬೆ. ಅವಳದೇ ಹಸಿರು ಅಂಗಿ! ಬೆಟ್ಟದ ತುದಿಯಲ್ಲಿ ಅಕ್ಕಿಕಾಳಿನಷ್ಟು ಮನುಷ್ಯ.

"ಅವನ್ಯಾಕೆ ಅಷ್ಟು ದೂರ?"

"ಹತ್ತಿರ ಬಂದ್ರೆ ಬೈತಾಳಲ್ಲ."

ಅವಳ ಕಣ್ಣು ತುಂಬಿತು. ಅವನ ಕೈ ಹಿಡಿದಳು. "ಅವತ್ತು ಹಾಗನ್ನಬಾರದಿತ್ತು... ಬನ್ನಿ ಅಂಗಡಿಗೆ. ನನ್ನಷ್ಟೇ ಎತ್ತರದವನನ್ನ ಆರಿಸಿ, ಪಕ್ಕದಲ್ಲಿ ನಿಲ್ಲಿಸಿ."

"ಬುಟ್ಟಿಯಲ್ಲಿ ಸಿಗ್ತಾನಾ?"

"ಜಿಪುಣ!" ಎಂದಳು, ಅವನ ಕೈಯನ್ನು ಮಾತ್ರ ಬಿಡದೆ.