ಹೂ ಕಿತ್ತವನ ನೋಟ್‌ಬುಕ್ಕು

“ಏಯ್ ಕಳ್ಳ! ಇಳಿಯೋ ಕೆಳಗೆ!”

ಏಣಿಯ ತುದಿಯಲ್ಲಿದ್ದವನು ತಿರುಗಿದ. ಒಂದು ಕೈಯಲ್ಲಿ ಕತ್ತರಿ. ಇನ್ನೊಂದರಲ್ಲಿ... ಅವಳು ಮೂರು ವರ್ಷ ಕಾದಿದ್ದ ಕಾಡು ಆರ್ಕಿಡ್‌ನ ಹೂಗೊಂಚಲು!

ಅವಳು ಸಸ್ಯಶಾಸ್ತ್ರದ ಸಂಶೋಧಕಿ. ಜೊತೆಯವರು ಇಟ್ಟ ಹೆಸರು ‘ಭೂತಗನ್ನಡಿ’. ಮರದ ಮೇಲೆ ಬೆಳೆದ ಈ ಗಿಡ ಅಪರೂಪದ್ದೋ ಮಾಮೂಲಿಯದ್ದೋ ಎಂದು ಎಲೆ ನೋಡಿ ಹೇಳಲಾಗದು, ಹೂವೇ ಬೇಕು. ಅಪರೂಪದ್ದೆಂದು ಶುಕ್ರವಾರದೊಳಗೆ ಬರೆದುಕೊಟ್ಟರೆ ಮರ ಉಳಿಯುತ್ತದೆ. ಇಲ್ಲದಿದ್ದರೆ ರಸ್ತೆ ಅಗಲ ಮಾಡಲು ಮರವನ್ನೇ ಉರುಳಿಸುತ್ತಾರೆ.

ಅವನು ನಿಧಾನವಾಗಿ ಇಳಿದ. ಕರೆಂಟು ತಂತಿಗೆ ತಾಗುವ ಕೊಂಬೆ ಸವರುವ ಲೈನ್‌ಮ್ಯಾನ್.

“ಹೂ ಇದ್ರೆ ಗಿಡ ಉಳಿಯಲ್ಲ ಮೇಡಂ.”

“ಹೂ ಇಲ್ದಿದ್ರೇನೇ ಉಳಿಯಲ್ಲ! ಕೊಡಿ ಇಲ್ಲಿ!”

“ಓಹೋ... ನೀವೂ ಇದಕ್ಕೇ ಬಂದವರಾ?” ಗೊಂಚಲನ್ನು ಜೇಬಿಗೆ ಸೇರಿಸಿ, ಏಣಿ ಹೆಗಲಿಗೇರಿಸಿ ಹೊರಟೇಬಿಟ್ಟ.

ಅವಳ ಕಣ್ಣು ತುಂಬಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ! ಅಂದೇ ಅವನ ಕಚೇರಿಗೆ ದೂರು ಕೊಟ್ಟಳು. ಅವನ ಏಣಿ ಕಿತ್ತುಕೊಂಡು ಬಿಲ್ ಕೌಂಟರಿನಲ್ಲಿ ಕೂರಿಸಿದರು. ಹೂವು ಮಾತ್ರ ಸಿಗಲಿಲ್ಲ.

ಗುರುವಾರ ಮಧ್ಯಾಹ್ನ ಪ್ರಯೋಗಾಲಯದ ಬಾಗಿಲಲ್ಲಿ ಒಬ್ಬ ಹೆಂಗಸು.

“ನನ್ನ ತಮ್ಮನ್ನ ಕಳ್ಳ ಅಂದೋರು ನೀವೇನಾ?” ದಪ್ಪ ನೋಟ್‌ಬುಕ್ಕೊಂದನ್ನು ಮೇಜಿನ ಮೇಲಿಟ್ಟಳು. “ಮನೇಲಿ ಯಾವ ಪುಸ್ತಕ ತೆಗೆದ್ರೂ ಹೂವು! ನನ್ನ ಮದುವೆ ಆಲ್ಬಮ್ಮನ್ನೂ ಬಿಟ್ಟಿಲ್ಲ ಮಹಾರಾಯ. ಅವನಂತೂ ಬಾಯಿ ಬಿಡಲ್ಲ, ಅದಕ್ಕೆ ಇದನ್ನ ಕದ್ದು ತಂದೆ. ಈಗ ನಾನೇ ಕಳ್ಳಿ!”

ಸಂಶೋಧಕಿ ಪುಟ ತೆರೆದಳು. ಮೊದಲ ಹಾಳೆಗಳಲ್ಲಿ ಒಂದೇ ಮಾತು: ‘ಹೂ ಬಿಟ್ಟ ಮರುದಿನ ಗಿಡ ಮಾಯ.’ ಹನ್ನೊಂದು ಸಲ! ಆಮೇಲೆ: ‘ಇನ್ನು ಅರಳಿದ ದಿನವೇ ಕೀಳಬೇಕು. ಹೂವಿಲ್ಲದ ಗಿಡವನ್ನು ಕದ್ದು ಮಾರುವವರು ಗುರುತಿಸಲಾರರು.’

ಅಯ್ಯೋ... ಕಾವಲುಗಾರನನ್ನೇ ಕಳ್ಳ ಅಂದೆನಲ್ಲ!

ಮುಂದಿನ ಪುಟಗಳಲ್ಲಿ ಅದೇ ಗಿಡದ ಹಿಂದಿನ ವರ್ಷಗಳ ಹೂವು. ಒಣಗಿದ ಹೂವಿನಲ್ಲಿ ಬಣ್ಣ ಉಳಿಯದು. ಆದರೆ ಅವನು ಪಕ್ಕದಲ್ಲೇ ಬರೆದಿಟ್ಟಿದ್ದ: ‘ಕೆಳಗಿನ ಎಸಳಿನ ಮೇಲೆ ಮೂರು ನೇರಳೆ ಗೆರೆ.’ ಮಾಮೂಲಿ ಜಾತಿಯಲ್ಲಿ ಗೆರೆಯೇ ಇರುವುದಿಲ್ಲ!

ಕೊನೆಯ ಪುಟದಲ್ಲಿ ಮೊನ್ನೆ ಕಿತ್ತ, ಆಗಲೇ ಬಣ್ಣ ಮಾಸಿದ್ದ ಗೊಂಚಲು. ಅದರಡಿ: ‘ಇವತ್ತು ಒಬ್ಬರು ತುಂಬಾ ಬೈದರು. ತಿರುಗಿ ನೋಡಿದೆ, ಗಿಡದ ಕಡೆ ನೋಡಿ ಅಳುತ್ತಿದ್ದರು. ಕದಿಯುವವರು ಅಳುವುದಿಲ್ಲ. ಕೊಡಬೇಕಿತ್ತೇನೋ.’

ಆ ಸಾಲನ್ನು ಓದಲು ಭೂತಗನ್ನಡಿ ಬೇಕಿರಲಿಲ್ಲ. ಆದರೂ ಅವಳು ನಾಲ್ಕು ಸಲ ಓದಿದಳು.

ಶುಕ್ರವಾರ ವರದಿ ಸೇರಿತು. ದೂರು ವಾಪಸಾಯಿತು. ರಸ್ತೆ ಮರವನ್ನು ಬಳಸಿಕೊಂಡು ಹೋಯಿತು. ನೋಟ್‌ಬುಕ್ಕು ಮರಳಿಸಲು ಒಮ್ಮೆ, ಕ್ಷಮೆ ಕೇಳಲು ಒಮ್ಮೆ ಅವನ ಮನೆಗೆ ಹೋದವಳಿಗೆ ಮೂರನೆಯ ಸಲಕ್ಕೆ ನೆಪವೇ ಬೇಕಾಗಲಿಲ್ಲ.

ಮರುವರ್ಷ ಮತ್ತೆ ಗೊಂಚಲು ಅರಳಿತು. ಅವನು ಕತ್ತರಿ ತೆಗೆದ. ಅವಳು ಅವನ ಮಣಿಕಟ್ಟು ಹಿಡಿದಳು.

“ಬೇಡ. ಪ್ರತಿ ವರ್ಷ ಹೀಗೆ ಕಿತ್ರೆ ಗಿಡ ಉಳಿಯುತ್ತೆ, ಬೀಜ ಕಟ್ಟಲ್ಲ. ಇದರ ಸಂತಾನ ಇದರ ಜೊತೆಗೇ ಮುಗಿಯುತ್ತೆ.”

ಅವನ ಮುಖ ಬಾಡಿತು. “ಬಿಟ್ರೆ ಕಾಯೋರು ಯಾರು? ನಾನೊಬ್ಬ...”

“ಒಬ್ಬರೇ ಯಾಕೆ?” ಹಿಡಿದ ಕೈ ಬಿಡಲಿಲ್ಲ ಅವಳು. “ನಾನಿಲ್ವಾ?”

ಅವನು ಕತ್ತರಿಯನ್ನು ಅವಳ ಚೀಲಕ್ಕೆ ಹಾಕಿದ.

“ಎಷ್ಟು ದಿನ ಕಾಯ್ಬೇಕು?”

“ಕಾಯಿ ಬಲಿಯೋಕೆ ಆರೇಳು ತಿಂಗಳು. ಆ ಬೀಜ ಮೊಳೆತು ಹೂ ಬಿಡೋಕೆ... ಏಳೆಂಟು ವರ್ಷ.”

“ಅಷ್ಟೇನಾ?” ಅವನು ನಕ್ಕ. “ಇನ್ನೂ ನಿಧಾನವಾಗಿ ಬೆಳೆಯೋ ಗಿಡ ಯಾವುದೂ ಇಲ್ವಾ ಮೇಡಂ?”